ಹುಣ್ಣಿಮೆಯೋ, ರವಿವಾರವೋ?

“ಈ ವರ್ಷ ಗುಡ್ ಫ್ರೈಡೇ ಯಾವ ವಾರ ಬಂದಿದೆ?” ಎಂದು ಕೇಳಿ ನಗೆಗೀಡಾದವನ ಕಥೆಯನ್ನು ಕೇಳದವರು ನಮ್ಮಲ್ಲಿ ವಿರಳ. ಪ್ರತಿಯೊಂದು ಕಚೇರಿಯಲ್ಲಿಯೂ ಅಂಥವನೊಬ್ಬನಿದ್ದನೆಂದು ಹೇಳುತ್ತಾರೆ. ಅವನನ್ನು ಕಣ್ಣಾರೆ ಕಂಡವರು ಮಾತ್ರ ಯಾರೂ ಸಿಕ್ಕುವುದಿಲ್ಲ. ಆದರೆ ಅವನನ್ನು ನೋಡಿ ನಕ್ಕವರನ್ನೇ ತಡೆದು ನಿಲ್ಲಿಸಿ, “ವಾರವು ಶುಕ್ರವಾರವೇ ಸರಿ, ತಾರೀಖು ಮಾತ್ರ ಒಂದು ವರ್ಷ ಮಾರ್ಚಿನಲ್ಲಿಯೂ ಇನ್ನೊಂದು ವರ್ಷ ಏಪ್ರಿಲ್ಲಿನಲ್ಲಿಯೂ ಏಕೆ? ಕ್ರಿಸ್‌ಮಸ್ ಮಾತ್ರ ಡಿಸೆಂಬರ್ 25ನ್ನು ಬಿಟ್ಟು ಕದಲುವುದಿಲ್ಲವೇಕೆ?” ಎಂದು ಕೇಳಿದರೆ ಅವರ ನಗೆಯೂ ಅಲ್ಲಿಗೇ ನಿಲ್ಲುತ್ತದೆ. ನನ್ನ ನಗೆಯೂ ನಿಂತಿತ್ತು. ನಿಲ್ಲಿಸಿದ್ದು ನಮ್ಮ ಮನೆಯದೇ ಒಂದು ಸಂಗತಿ.

ನಮ್ಮ ತಾಯಿ ತೀರಿಕೊಂಡದ್ದು ಚೈತ್ರ ಬಹುಳ ಪಂಚಮಿಯಂದು. 2023ನೆಯ ಇಸವಿಯಲ್ಲಿ ಆ ತಿಥಿ ಏಪ್ರಿಲ್ 10, ಸೋಮವಾರ ಬಂದಿದ್ದಿತು. ಬೆಂಗಳೂರಿನಲ್ಲಿರುವ ನನ್ನ ತಮ್ಮನು ಒಂದು ವಾರ ಮೊದಲೇ ಫೋನು ಮಾಡಿ, “ಅಣ್ಣಾ, ಸೋಮವಾರ ರಜಾ ಸಿಗೂದಿಲ್ಲ. ಗುಡ್ ಫ್ರೈಡೇ ಹಿಡದು ಮೂರು ದಿವಸ ಸೂಟಿ ಅದ. ರವಿವಾರನ ಅವ್ವನ ಶ್ರಾದ್ಧ ಮುಗಿಸಿದರ ಆಗೂದಿಲ್ಲೇನು? ಒಂದ ದಿನದ ಮಾತು” ಎಂದನು. ಒಂದೇ ದಿನದ ಮಾತು ನಿಜ. ಆದರೆ ಚತುರ್ಥಿಯ ದಿನ ಪಂಚಮಿಯ ಶ್ರಾದ್ಧ ಮಾಡುವುದಾದರೆ ಪಂಚಾಂಗವನ್ನು ಗೋಡೆಯ ಮೇಲೆ ತೂಗುಹಾಕುವುದೇಕೆ? ನಾನು ಒರಟಾಗಿ ಏನೋ ಅಂದೆನು. ಅವನೂ ಸುಮ್ಮನಿರಲಿಲ್ಲ. “ತಿಥಿ ಅವ್ವಗ ಬೇಕೋ, ನಿನಗ ಬೇಕೋ?” ಎಂದು ಕೇಳಿ ಫೋನು ಇಟ್ಟುಬಿಟ್ಟನು. ಎರಡು ದಿನ ನಮ್ಮಿಬ್ಬರಲ್ಲಿ ಮಾತು ನಿಂತಿತು.

ನಮ್ಮ ಓಣಿಯ ಕೊನೆಯಲ್ಲಿ ನಿವೃತ್ತರಾದ ಮಾಸ್ತರರೊಬ್ಬರಿದ್ದಾರೆ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ 1834ರಲ್ಲಿಯೂ ಧಾರವಾಡಕ್ಕೆ 1837ರಲ್ಲಿಯೂ ಹುಬ್ಬಳ್ಳಿಗೆ 1839ರಲ್ಲಿಯೂ ಬಂದು ನೆಲೆನಿಂತರಷ್ಟೆ. ಆ ಹಳೆಯ ಸಭೆಗೆ ಸೇರಿದ ಮನೆತನ ಇವರದು. ಸಂಜೆ ನಮ್ಮ ಕಟ್ಟೆಯ ಮೇಲೆ ಕುಳಿತು ಪತ್ರಿಕೆ ಓದುವುದು ಅವರ ರೂಢಿ. ನನ್ನ ಮುಖ ನೋಡಿ ಕಾರಣ ಕೇಳಿದರು, ಹೇಳಿದೆನು. ಮಾಸ್ತರರು ಕನ್ನಡಕವನ್ನು ತೆಗೆದು ಒರೆಸುತ್ತ, “ರಾಯರ, ನಿಮ್ಮ ಮನಿ ಜಗಳ ಹೊಸದಲ್ಲರಿ. ಸತ್ತವರ ದಿವಸ ತಿಥಿ ಹಿಡದು ಮಾಡಬೇಕೋ, ವಾರ ಹಿಡದು ಮಾಡಬೇಕೋ ಅಂತ ನಮ್ಮ ಹಿರ್ಯಾರು ನೂರೈವತ್ತು ವರ್ಷ ವಾದ ಮಾಡ್ಯಾರ” ಎಂದರು. ಮರುದಿನ ತಮ್ಮ ಮನೆಯ ಕನ್ನಡ ಸತ್ಯವೇದವನ್ನು ತಂದು ಯಾಜಕಕಾಂಡದ 23ನೆಯ ಅಧ್ಯಾಯವನ್ನು ತೆರೆದು ನನ್ನ ಮುಂದಿಟ್ಟರು. ಆಮೇಲೆ ನಾನು ಓದಿ ತಿಳಿದುಕೊಂಡದ್ದನ್ನೂ ಕೂಡಿಸಿ, ವಾಚಕರ ಮುಂದೆ ಇಡುತ್ತಿದ್ದೇನೆ.

ಆ ಅಧ್ಯಾಯವು ಒಂದು ಪಂಚಾಂಗವೆಂದರೆ ತಪ್ಪಾಗದು. ಮೊದಲನೆಯ ತಿಂಗಳಿನ ಹದಿನಾಲ್ಕನೆಯ ದಿನದ ಸಂಜೆ ಪಸ್ಕಹಬ್ಬ. ಹದಿನೈದರಿಂದ ಏಳು ದಿನ ಹುಳಿಯಿಲ್ಲದ ರೊಟ್ಟಿಯ ಹಬ್ಬ. ಏಳನೆಯ ತಿಂಗಳಿನ ಮೊದಲನೆಯ ದಿನ ತುತೂರಿಗಳ ಧ್ವನಿ. ಹತ್ತನೆಯ ದಿನ ಉಪವಾಸ, ದೋಷಪರಿಹಾರ. ಹದಿನೈದರಿಂದ ಪರ್ಣಶಾಲೆಗಳ ಹಬ್ಬ. ಎಲ್ಲವೂ ತಿಂಗಳು ಮತ್ತು ದಿನದ ಲೆಕ್ಕ, ವಾರದ ಮಾತಿಲ್ಲ. ಯೆಹೂದ್ಯರ ತಿಂಗಳು ನಮ್ಮ ಚಾಂದ್ರಮಾಸದಂತೆಯೇ ಅಮಾವಾಸ್ಯೆ ಕಳೆದು ಎಳೆಯ ಚಂದ್ರನು ತೋರಿದಾಗ ಮೊದಲಾಗುತ್ತದೆ. ಆದುದರಿಂದ ಹದಿನಾಲ್ಕರ ಸಂಜೆಯೆಂದರೆ ಹುಣ್ಣಿಮೆಯ ಚಂದ್ರ ಮೂಡುವ ಹೊತ್ತು. ಅವರಿಗೆ ದಿನವು ಸೂರ್ಯಾಸ್ತಕ್ಕೆ ಆರಂಭವಾಗುವುದರಿಂದ ಹದಿನೈದು ಆಗಲೇ ಹೊಕ್ಕಿರುತ್ತದೆ. ಹೋಳಿ ಹುಣ್ಣಿಮೆ, ದವನದ ಹುಣ್ಣಿಮೆ, ಕಾರ ಹುಣ್ಣಿಮೆ, ಸೀಗಿ ಹುಣ್ಣಿಮೆ ಎಂದು ವರ್ಷವನ್ನು ಎಣಿಸುವ ನಮ್ಮ ಭಾಗದ ಒಕ್ಕಲಿಗನ ಕೈಯಲ್ಲಿ ಈ ಅಧ್ಯಾಯವನ್ನು ಕೊಟ್ಟರೆ ಅವನಿಗೆ ಭಾಷ್ಯ ಬೇಕಾಗಲಾರದು. ಆ ಮೊದಲನೆಯ ತಿಂಗಳಿಗೆ ಹಳೆಯ ಹೆಸರು ಆಬೀಬ್. ಹಾಗೆಂದರೆ ತೆನೆ, ಜವೆಗೋದಿ ತೆನೆಗಟ್ಟುವ ತಿಂಗಳು. ನಿಸಾನ್ ಎಂಬ ಹೆಸರು ಆಮೇಲೆ ಬಾಬೆಲಿನಿಂದ ಬಂದದ್ದು.

ಚಂದ್ರನನ್ನೇ ನೆಚ್ಚಿದರೆ ವರ್ಷಕ್ಕೆ ಹನ್ನೊಂದು ದಿನ ಕಡಿಮೆ ಬಿದ್ದು ಹಬ್ಬವು ತೆನೆಯನ್ನು ಬಿಟ್ಟು ಹಿಂದೆ ಸರಿಯುತ್ತದೆ. ಅದಕ್ಕೆ ನಮ್ಮವರು ಮಾಡಿದ ಉಪಾಯವನ್ನೇ ಅವರೂ ಮಾಡಿದರು: ಅಧಿಕಮಾಸ. ಹತ್ತೊಂಬತ್ತು ವರ್ಷಗಳಲ್ಲಿ ಏಳು ಸಲ ಒಂದೊಂದು ಹೆಚ್ಚಿನ ತಿಂಗಳು. ನಮ್ಮ ಅಧಿಕವು ಸೂರ್ಯಸಂಕ್ರಮಣವಿಲ್ಲದ ಯಾವ ತಿಂಗಳಿಗಾದರೂ ಬರಬಹುದು; ಅವರದು ಯಾವಾಗಲೂ ವಸಂತಕ್ಕೆ ಮುಂಚೆ, ಅದಾರ್ ತಿಂಗಳಿಗೇ ಜೋಡಿ. 2025ರ ಅಕ್ಟೋಬರ್ 6ರಂದು ನಮ್ಮ ಸುತ್ತಿನ ಹೊಲಗಳಲ್ಲಿ ಸೀಗಿ ಹುಣ್ಣಿಮೆಯ ಚರಗ ಚೆಲ್ಲಿ, ಬುತ್ತಿ ಬಿಚ್ಚಿ ಉಂಡು ಬಂದ ದಿನವೇ ಸಂಜೆ ಯೆಹೂದ್ಯರು ಪರ್ಣಶಾಲೆಯೊಳಗೆ ಊಟಕ್ಕೆ ಕುಳಿತರು. ಎರಡು ಹಬ್ಬಗಳಿಗೂ ನಂಟೇನೂ ಇಲ್ಲ. ಚಂದ್ರನೂ ಬೆಳೆಯೂ ಇಬ್ಬರನ್ನೂ ಒಂದೇ ರಾತ್ರಿ ಹೊರಗೆ ಕರೆದಿದ್ದವು, ಅಷ್ಟೆ.

ಇಷ್ಟು ತಿಥಿಗಳ ನಡುವೆ ವಾರವು ತಲೆಹಾಕುವುದು ಒಂದೇ ಒಂದು ಕಡೆ. ಜವೆಗೋದಿಯ ಪ್ರಥಮಫಲದ ಸಿವುಡನ್ನು ಯಾಜಕನು ದೇವರ ಸನ್ನಿಧಿಯಲ್ಲಿ ಆಡಿಸಬೇಕು. ಅಂದಿನಿಂದ ಏಳು ವಾರ ಎಣಿಸಿ ಐವತ್ತನೆಯ ದಿನ ಹೊಸ ಗೋದಿಯ ರೊಟ್ಟಿಗಳನ್ನು ಅರ್ಪಿಸಬೇಕು. ಸಿವುಡನ್ನು ಆಡಿಸುವುದು ಯಾವಾಗ? ‘ಸಬ್ಬತ್ತಿನ ಮರುದಿನ’ ಎಂದಿದೆ, ತಿಥಿ ಹೇಳಿಲ್ಲ. ಈ ಎರಡು ಶಬ್ದಗಳ ಮೇಲೆ ಯೆಹೂದ್ಯರಲ್ಲಿ ಎರಡು ಪಕ್ಷಗಳಾದವು. ಸಬ್ಬತ್ತೆಂದರೆ ಇಲ್ಲಿ ಹಬ್ಬದ ವಿಶ್ರಾಂತಿ ದಿನ, ಎಂದರೆ ಹದಿನೈದು. ಮರುದಿನವೆಂದರೆ ಹದಿನಾರು, ವಾರ ಯಾವುದಾದರೂ ಆಗಲಿ, ಎಂದರು ಫರಿಸಾಯರು. ಸಬ್ಬತ್ತೆಂದರೆ ಶನಿವಾರವೇ, ಮರುದಿನ ರವಿವಾರವೇ, ಐವತ್ತನೆಯ ದಿನವೂ ರವಿವಾರವೇ ಎಂದರು ದೇವಾಲಯದ ಯಾಜಕವರ್ಗಕ್ಕೆ ಹತ್ತಿರದವರಾದ ಇನ್ನೊಂದು ಪಕ್ಷದವರು. ಫರಿಸಾಯರ ಪಕ್ಷ ಗೆದ್ದಿತು. ಆದರೆ ಸಮಾರ್ಯದವರೂ ಕರಾಯ ಪಂಥದ ಯೆಹೂದ್ಯರೂ ಇಂದಿಗೂ ಆ ಹಬ್ಬವನ್ನು ರವಿವಾರವೇ ಆಚರಿಸುತ್ತಾರೆ.

ಈ ಜಗಳದ ಕುರಿತು ತಾಲ್ಮೂದಿನಲ್ಲಿ ಒಂದು ಸ್ವಾರಸ್ಯವಾದ ಪ್ರಸಂಗವಿದೆ. ಎರಡನೆಯ ಪಕ್ಷದ ಮುದುಕನೊಬ್ಬನನ್ನು ಯೋಹಾನಾನ್ ಬೆನ್ ಜಕ್ಕಾಯ್ ಎಂಬ ಗುರುವು ಪ್ರಮಾಣ ಕೇಳಿದಾಗ ಅವನು ಕೊಟ್ಟ ಉತ್ತರ ಇದು: ಮೋಶೆಯು ತನ್ನ ಜನರ ಮೇಲೆ ಪ್ರೀತಿಯುಳ್ಳವನು, ಐವತ್ತನೆಯ ದಿನದ ಹಬ್ಬ ಒಂದೇ ದಿನದ್ದೆಂದು ತಿಳಿದು, ಜನಕ್ಕೆ ಸತತವಾಗಿ ಎರಡು ದಿನ ಸುಖವಾಗಿರಲೆಂದು ಅದನ್ನು ಶನಿವಾರಕ್ಕೆ ಅಂಟಿಸಿ ಇಟ್ಟನು! ಅಷ್ಟು ಪ್ರೀತಿಯಿದ್ದವನು ಹನ್ನೊಂದು ದಿನದ ದಾರಿಗೆ ನಲವತ್ತು ವರ್ಷ ಅಡವಿಯಲ್ಲಿ ಏಕೆ ತಿರುಗಿಸಿದನೆಂದು ಗುರುವು ಮರುಪ್ರಶ್ನೆ ಹಾಕಿದನಂತೆ. ನನಗೆ ಆ ಮುದುಕನ ಮುಖದಲ್ಲಿ ನನ್ನ ತಮ್ಮನ ಮುಖವೇ ಕಾಣಿಸಿತು. ಸೂಟಿಗೆ ಸೂಟಿ ಜೋಡಿಸುವ ವಿದ್ಯೆ ಸರ್ಕಾರಿ ನೌಕರರು ಕಂಡುಹಿಡಿದದ್ದೆಂದು ನಾನು ತಿಳಿದಿದ್ದೆನು. ಅದಕ್ಕೆ ಸಾವಿರದ ಒಂಬೈನೂರು ವರ್ಷಗಳ ಇತಿಹಾಸವಿದೆ.

ಇನ್ನು ಯೇಸುವಿನ ಮರಣದ ಸಂಗತಿಗೆ ಬರೋಣ. ಗಂಟು ಬಿದ್ದಿರುವುದು ಇಲ್ಲಿಯೇ. ನಾಲ್ಕು ಸುವಾರ್ತೆಗಳೂ ವಾರದ ವಿಷಯದಲ್ಲಿ ಒಂದೇ ಮಾತು ಹೇಳುತ್ತವೆ: ಸಬ್ಬತ್ತಿನ ಹಿಂದಿನ ದಿನ ಶಿಲುಬೆ, ವಾರದ ಮೊದಲನೆಯ ದಿನದ ನಸುಕಿನಲ್ಲಿ ಸಮಾಧಿ ಬರಿದಾಗಿದ್ದಿತು. ತಿಥಿಯಲ್ಲಿ ಮಾತ್ರ ಒಮ್ಮತವಿಲ್ಲ. ಮತ್ತಾಯ, ಮಾರ್ಕ, ಲೂಕರ ಪ್ರಕಾರ ಕೊನೆಯ ರಾತ್ರಿಯ ಊಟವೇ ಪಸ್ಕದ ಊಟ. ಹಾಗಾದರೆ ಮರಣ ಹದಿನೈದರಂದು. ಯೋಹಾನನ ಪ್ರಕಾರ ಶಿಲುಬೆಗೇರಿಸಿದಾಗ ಪಸ್ಕದ ಊಟ ಇನ್ನೂ ಮುಂದಿದ್ದಿತು; ಹಾಗಾದರೆ ಹದಿನಾಲ್ಕರಂದು. ನಮ್ಮ ಶಾಸನತಜ್ಞರಿಗೆ ಇಂಥ ಗಂಟು ಹೊಸದಲ್ಲ. ದಾನಶಾಸನದಲ್ಲಿ ಸಂವತ್ಸರ, ಮಾಸ, ತಿಥಿ, ವಾರ ಎಲ್ಲವನ್ನೂ ಕೊರೆದಿರುತ್ತಾರೆ. ಲೆಕ್ಕ ಹಾಕಿದರೆ ಎಷ್ಟೋ ಸಲ ತಿಥಿಗೂ ವಾರಕ್ಕೂ ಹೊಂದುವುದಿಲ್ಲ. ಹೊಂದುವ ವರ್ಷ ಸಿಕ್ಕಿದರೆ ಕಾಲ ನಿಶ್ಚಯವಾಯಿತು. ಈ ಕೆಲಸಕ್ಕೆ ಅವರೆಲ್ಲ ಕೈಗೆತ್ತಿಕೊಳ್ಳುವ ಕೋಷ್ಟಕಗಳನ್ನು ರಚಿಸಿದ ಮದರಾಸಿನ ಸ್ವಾಮಿಕಣ್ಣು ಪಿಳ್ಳೆಯವರು ಸ್ವತಃ ಕ್ರೈಸ್ತರೆಂಬುದನ್ನು ಇಲ್ಲಿ ನೆನೆಯಬಹುದು. ಇದೇ ರೀತಿಯಲ್ಲಿ ಪಿಲಾತನು ಅಧಿಕಾರಿಯಾಗಿದ್ದ 26ರಿಂದ 36ರವರೆಗಿನ ವರ್ಷಗಳನ್ನು ಜಾಲಾಡಿ, ನಿಸಾನ್ ಹದಿನಾಲ್ಕು ಶುಕ್ರವಾರ ಬೀಳುವ ದಿನಗಳೆಂದು ಖಗೋಳಜ್ಞರು ತೋರಿಸಿದವು ಮುಖ್ಯವಾಗಿ ಎರಡು: 30ನೆಯ ಇಸವಿಯ ಏಪ್ರಿಲ್ 7 ಮತ್ತು 33ನೆಯ ಇಸವಿಯ ಏಪ್ರಿಲ್ 3. ಇವೆರಡರಲ್ಲಿ ಯಾವುದೆಂಬ ವಾದ ಮುಗಿದಿಲ್ಲ.

ಹೀಗಿರಲು ವರ್ಷಾಬ್ದಿಯನ್ನು ಆಚರಿಸುವುದು ಹೇಗೆ? ಏಷ್ಯಾ ಪ್ರಾಂತದ, ಎಂದರೆ ಇಂದಿನ ತುರ್ಕಿಯ ಪಡುವಣ ಕರಾವಳಿಯ ಕ್ರೈಸ್ತರು ತಿಥಿಯನ್ನು ಹಿಡಿದರು. ನಿಸಾನ್ ಹದಿನಾಲ್ಕು ಎಂದು ಬರುವುದೋ ಅಂದೇ. ವಾರ ಬುಧವಾರವಾದರೂ ಚಿಂತೆಯಿಲ್ಲ. ರೋಮಿನವರು ವಾರವನ್ನು ಹಿಡಿದರು: ಕರ್ತನು ಎದ್ದದ್ದು ರವಿವಾರ, ಆದುದರಿಂದ ಹಬ್ಬ ರವಿವಾರವೇ. ಸುಮಾರು 155ನೆಯ ಇಸವಿಯಲ್ಲಿ ಸ್ಮುರ್ನದ ಸಭೆಯ ಹಿರಿಯನಾದ ಪೋಲಿಕಾರ್ಪನು ರೋಮಿಗೆ ಹೋಗಿ ಅಲ್ಲಿನ ಅನಿಸೇತನೊಡನೆ ಈ ವಿಷಯ ಮಾತನಾಡಿದನು. ಪೋಲಿಕಾರ್ಪನು ಆಗ ವಯೋವೃದ್ಧ. ತಾನು ಯೋಹಾನನೊಡನೆಯೇ ಹೀಗೆ ಆಚರಿಸಿದ್ದೇನೆ, ಬಿಡಲಾರೆನೆಂದನು. ತನ್ನ ಹಿಂದಿನವರು ನಡೆಸಿಕೊಂಡು ಬಂದದ್ದನ್ನು ತಾನೂ ಬಿಡಲಾರೆನೆಂದು ಅನಿಸೇತನೆಂದನು. ಯಾರೂ ಯಾರನ್ನೂ ಒಪ್ಪಿಸಲಿಲ್ಲ. ಆದರೆ ಅನಿಸೇತನು ತನ್ನ ಸಭೆಯಲ್ಲಿ, ತಾನು ನಡೆಸಬೇಕಾಗಿದ್ದ ಪ್ರಭುಭೋಜನದ ವಿಧಿಯನ್ನು ನಡೆಸುವ ಗೌರವವನ್ನು ಅತಿಥಿಗೆ ಬಿಟ್ಟುಕೊಟ್ಟನು. ಇಬ್ಬರೂ ಸಮಾಧಾನದಿಂದ ಬೀಳ್ಕೊಂಡರು. ಇದನ್ನು ಮಾಸ್ತರರು ಹೇಳಿ ಮುಗಿಸಿದಾಗ ನಾನು ಏನೂ ಮಾತನಾಡಲಿಲ್ಲ. ಅವರೂ ಹೆಚ್ಚು ಬೆಳೆಸದೆ ಪತ್ರಿಕೆಯನ್ನು ಕೈಗೆತ್ತಿಕೊಂಡರು.

ಮುಂದಿನವರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಸುಮಾರು 190ರಲ್ಲಿ ರೋಮಿನ ವಿಕ್ತರನು ತಿಥಿಯವರನ್ನು ಸಭೆಯಿಂದಲೇ ಹೊರಗಿಡಲು ಹೊರಟನು; ಲಿಯೋನಿನ ಇರೇನೇಯನು ಪೋಲಿಕಾರ್ಪ-ಅನಿಸೇತರ ಈ ಪ್ರಸಂಗವನ್ನೇ ನೆನಪಿಸಿ ಅವನಿಗೆ ಪತ್ರ ಬರೆದನು. ಕಡೆಗೆ 325ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಕೂಡಿಸಿದ ನೈಸಿಯಾ ಮಹಾಸಭೆಯಲ್ಲಿ, ಎಲ್ಲರೂ ಒಂದೇ ರವಿವಾರ ಆಚರಿಸತಕ್ಕದ್ದು, ಅದಕ್ಕೆ ಯೆಹೂದ್ಯರ ಗಣನೆಯನ್ನು ಕಾಯತಕ್ಕದ್ದಲ್ಲ ಎಂದು ತೀರ್ಮಾನವಾಯಿತು. ನಾವು ಇಂದು ಕಾಣುವ ನಿಯಮವು ಅದರಿಂದ ಬೆಳೆದದ್ದು: ಮಾರ್ಚ್ 21ರಂದು ಅಥವಾ ಅದರ ತರುವಾಯ ಬರುವ ಮೊದಲ ಹುಣ್ಣಿಮೆ; ಆ ಹುಣ್ಣಿಮೆಯ ನಂತರದ ರವಿವಾರ ಈಸ್ಟರ್. ಹುಣ್ಣಿಮೆಯೇ ರವಿವಾರ ಬಂದರೆ ಮುಂದಿನ ರವಿವಾರ. ಹೀಗೆ ಸೂರ್ಯನ ಸಮಗತಿ, ಚಂದ್ರನ ಪೂರ್ಣತೆ, ವಾರದ ಸರದಿ ಮೂರನ್ನೂ ಒಂದೇ ದಾರಕ್ಕೆ ಪೋಣಿಸಿದ್ದರಿಂದ ಹಬ್ಬವು ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಎಲ್ಲಿಯಾದರೂ ಬರಬಹುದು. ಶುಭ ಶುಕ್ರವಾರವು ಅದರ ಎರಡು ದಿನ ಹಿಂದೆ, ಬೂದಿ ಬುಧವಾರವು ನಲವತ್ತಾರು ದಿನ ಹಿಂದೆ, ಪಂಚಾಶತ್ತಮವು ನಲವತ್ತೊಂಬತ್ತು ದಿನ ಮುಂದೆ. ಇವೆಲ್ಲ ತಾಯಿಯ ಸೆರಗು ಹಿಡಿದ ಮಕ್ಕಳಂತೆ ಜೊತೆಗೇ ಸರಿಯುತ್ತವೆ. ಕ್ರಿಸ್‌ಮಸ್ಸಿಗೆ ಈ ತೊಡಕಿಲ್ಲ. ಜನ್ಮದ ತಿಥಿಯನ್ನಾಗಲಿ ವಾರವನ್ನಾಗಲಿ ಸತ್ಯವೇದವು ಹೇಳಿಯೇ ಇಲ್ಲ. ಡಿಸೆಂಬರ್ 25 ರೋಮಿನಲ್ಲಿ ನಾಲ್ಕನೆಯ ಶತಮಾನದಲ್ಲಿ ಕಾಣಿಸಿಕೊಂಡ ತಾರೀಖು. ಹೇಳದ ದಿನವನ್ನು ನಿಶ್ಚಯಿಸುವುದು ಹೇಳಿದ ದಿನವನ್ನು ನಿಶ್ಚಯಿಸುವುದಕ್ಕಿಂತ ಸುಲಭ.

ಈ ನಿಯಮವನ್ನು ಗೋಡೆಯ ಮೇಲಿನ ನಮ್ಮ ಪಂಚಾಂಗದೊಡನೆ ಹೋಲಿಸಿ ನೋಡಬಹುದು. 2023ರಲ್ಲಿ ದವನದ ಹುಣ್ಣಿಮೆ ಏಪ್ರಿಲ್ 6, ಈಸ್ಟರ್ 9. 2025ರಲ್ಲಿ ಹುಣ್ಣಿಮೆ ಏಪ್ರಿಲ್ 12, ಅಂದು ಸಂಜೆಯೇ ಯೆಹೂದ್ಯರ ಪಸ್ಕ, ಈಸ್ಟರ್ 20. ನಡುವಿನ 2024ರಲ್ಲಿ ಮಾತ್ರ ಲೆಕ್ಕ ಬೇರೆ. ಮಾರ್ಚ್ 25ರ ಹೋಳಿ ಹುಣ್ಣಿಮೆಯ ಹಿಂದೆಯೇ, 31ರಂದು, ಈಸ್ಟರ್ ಬಂದುಹೋಯಿತು. ಪಸ್ಕವು ಏಪ್ರಿಲ್ 22ರ ಸಂಜೆ, ನಮ್ಮ ದವನದ ಹುಣ್ಣಿಮೆಯ ಜೊತೆಗೆ ಬಂದಿತು. ಸ್ಮರಣೆಯ ಹಬ್ಬವು ಮೂಲದ ಹಬ್ಬಕ್ಕಿಂತ ಮೂರು ವಾರ ಮೊದಲೇ! ಕಾರಣವಿಷ್ಟೆ: ಆ ವರ್ಷ ಯೆಹೂದ್ಯರು ಅಧಿಕಮಾಸವನ್ನು ಇಟ್ಟರು, ನಮ್ಮಲ್ಲಿಯೂ 2023ರ ಅಧಿಕ ಶ್ರಾವಣವು ಯುಗಾದಿಯನ್ನು ಏಪ್ರಿಲ್ 9ಕ್ಕೆ ತಳ್ಳಿತ್ತು, ಚರ್ಚಿನ ನಿಯಮವು ಯಾರ ಅಧಿಕಮಾಸವನ್ನೂ ಕೇಳದೆ ಮಾರ್ಚ್ 21ನ್ನಷ್ಟೇ ನೋಡುತ್ತದೆ.

ನಿಜವಾದ ಆಕಾಶವನ್ನು ನೋಡುತ್ತದೆಯೇ ಎಂದರೆ ಅದೂ ಇಲ್ಲ. ಅದರ ಹುಣ್ಣಿಮೆ ಕೋಷ್ಟಕದ ಹುಣ್ಣಿಮೆ. 2019ರಲ್ಲಿ ಭಾರತೀಯ ಕಾಲಮಾನದ ಮಾರ್ಚ್ 21ರ ಬೆಳಗಿನ ಜಾವ ವಸಂತ ಸಮಗತಿಯಾಗಿ, ನಾಲ್ಕು ಗಂಟೆಯೊಳಗೆ ಹುಣ್ಣಿಮೆಯೂ ಆಯಿತು. ಆಕಾಶದ ಪ್ರಕಾರ ಮಾರ್ಚ್ 24 ಈಸ್ಟರ್ ಆಗಬೇಕಿತ್ತು. ಕೋಷ್ಟಕದಲ್ಲಿ ಹುಣ್ಣಿಮೆ 20ಕ್ಕೇ ಮುಗಿದಿದ್ದುದರಿಂದ ಹಬ್ಬವು ಏಪ್ರಿಲ್ 21ಕ್ಕೆ ಹೋಯಿತು. ದೃಗ್ಗಣಿತದ ಪಂಚಾಂಗದವರಿಗೂ ಸೂರ್ಯಸಿದ್ಧಾಂತದ ಪಂಚಾಂಗದವರಿಗೂ ಏಕಾದಶಿಯ ಸಲುವಾಗಿ ನಡೆಯುವ ವಾಗ್ವಾದವನ್ನು ಕೇಳಿದವರಿಗೆ ಇದರಲ್ಲಿ ಆಶ್ಚರ್ಯವಿರದು. ಕೋಷ್ಟಕವು ತೀರ ಸಡಿಲಾದಾಗ ರಿಪೇರಿಯೂ ಆಯಿತು. 1582ರಲ್ಲಿ ಪೋಪ್ 13ನೆಯ ಗ್ರೆಗೊರಿಯು ಅಕ್ಟೋಬರ್ 4ರ ಮರುದಿನವನ್ನು 15 ಎಂದು ಎಣಿಸಿ ಹತ್ತು ದಿನ ಕಳೆದನು. ಆಗಲೂ ವಾರವನ್ನು ಮುಟ್ಟಲಿಲ್ಲ. 4 ಗುರುವಾರ, 15 ಶುಕ್ರವಾರ. ಗ್ರೀಸ್, ರಷ್ಯಾ ಮೊದಲಾದ ಕಡೆಯ ಪೂರ್ವ ಸಭೆಗಳು ಈಸ್ಟರಿಗೆ ಹಳೆಯ ಗಣನೆಯನ್ನೇ ಉಳಿಸಿಕೊಂಡವು. ಆದುದರಿಂದಲೇ 2024ರಲ್ಲಿ ಅವರ ಈಸ್ಟರ್ ಮೇ 5ರಂದು. ಮರುವರ್ಷ ಇಬ್ಬರದೂ ಒಂದೇ ದಿನ ಬಂದಿತು.

ಹಾಗಾದರೆ ರವಿವಾರಕ್ಕೆ ಸ್ವತಃ ಮಹತ್ವವಿದೆಯೇ? ಇಲ್ಲಿ ಎರಡು ಮಾತುಗಳನ್ನು ಬೆರೆಸಬಾರದು. ಹತ್ತು ಆಜ್ಞೆಗಳಲ್ಲಿ ಹೇಳಿದ ವಿಶ್ರಾಂತಿಯ ದಿನ ಏಳನೆಯದು, ಅದು ಶನಿವಾರ. ಹೀಬ್ರೂ ಭಾಷೆಯಲ್ಲಿ ಹೆಸರಿರುವುದೂ ಆ ಒಂದೇ ದಿನಕ್ಕೆ. ಉಳಿದವು ಮೊದಲನೆಯದು, ಎರಡನೆಯದು ಎಂಬ ಎಣಿಕೆಗಳು. ರವಿವಾರವೆಂದರೆ ಬರಿಯ ‘ಮೊದಲನೆಯ ದಿನ’. ಅಂದು ಕೆಲಸ ಮಾಡಬಾರದೆಂದು ಹೊಸ ಒಡಂಬಡಿಕೆಯಲ್ಲಿ ಎಲ್ಲಿಯೂ ಹೇಳಿಲ್ಲ. ಅಂದು ಶಿಷ್ಯರು ರೊಟ್ಟಿ ಮುರಿಯಲು ಕೂಡಿದರೆಂದೂ ಬಡವರಿಗಾಗಿ ಹಣ ತೆಗೆದಿಡಬೇಕೆಂದೂ ಮಾತ್ರ ಇದೆ. ದಿನವನ್ನು ಮೇಲೆತ್ತಿದ್ದು ಸಮಾಧಿಯ ಸಂಗತಿ. ಕಚೇರಿಗಳನ್ನು ಮುಚ್ಚಿಸಿದ್ದು ಚಕ್ರವರ್ತಿಯ ಆಜ್ಞೆ. 321ನೆಯ ಇಸವಿಯ ಮಾರ್ಚ್ 7ರಂದು ಕಾನ್‌ಸ್ಟಂಟೈನನು ಸೂರ್ಯನ ದಿನದಂದು ನ್ಯಾಯಾಧೀಶರೂ ಪಟ್ಟಣಿಗರೂ ಕುಶಲಕರ್ಮಿಗಳೂ ವಿಶ್ರಮಿಸಬೇಕೆಂದು ವಿಧಿಸಿದನು. ಆಜ್ಞೆಯಲ್ಲಿರುವ ಹೆಸರು ಸೂರ್ಯನದು, ಕ್ರಿಸ್ತನದಲ್ಲ. ಒಕ್ಕಲಿಗರಿಗೆ ವಿನಾಯಿತಿ, ಹದ ತಪ್ಪಿದರೆ ಬಿತ್ತನೆ ಕಾಯದೆಂಬುದು ಅವನಿಗೂ ಗೊತ್ತಿತ್ತು. ಏಳನೆಯ ದಿನದ ಅಡ್ವೆಂಟಿಸ್ಟರೆಂಬ ಪಂಗಡದವರು ಈ ಬದಲಾವಣೆಯನ್ನು ಒಪ್ಪದೆ ಇಂದಿಗೂ ಶನಿವಾರವನ್ನೇ ಪಾಲಿಸುತ್ತಾರೆ. ಪಠ್ಯವನ್ನಷ್ಟೇ ಮುಂದಿಟ್ಟುಕೊಂಡರೆ ಅವರ ವಾದವನ್ನು ತಳ್ಳಿಹಾಕುವುದು ಕಷ್ಟವೆಂದು ಮಾಸ್ತರರೇ ಒಪ್ಪಿದರು; ಒಪ್ಪಿಯೂ ಅವರು ಚರ್ಚಿಗೆ ಹೋಗುವುದು ರವಿವಾರವೇ.

ನಮ್ಮ ಸೀಮೆಗೆ ರವಿವಾರವು ಮಿಶನ್ನಿನ ಗಂಟೆಯೊಡನೆಯೇ ಬಂದಿತೆಂದು ತಿಳಿಯಬಾರದು. ಮೈಲಾರಲಿಂಗನ ಒಕ್ಕಲಿಗೆ ರವಿವಾರ ಮೊದಲಿನಿಂದಲೂ ದೇವರ ವಾರ. ಎತ್ತುಗಳ ವಿಶ್ರಾಂತಿ ಮಾತ್ರ ಸೋಮವಾರ. ಅದು ಬಸವಣ್ಣನ ದಿನ, ಅಂದು ನೊಗ ಹೂಡುವುದಿಲ್ಲ. ಧರ್ಮೋಪದೇಶಕಾಂಡದಲ್ಲಿಯೂ ಸಬ್ಬತ್ತಿನ ದಿನ ದಾಸನಿಗೆ, ದಾಸಿಗೆ, ಎತ್ತಿಗೆ, ಕತ್ತೆಗೆ ಬಿಡುವು ಕೊಡಬೇಕೆಂದಿದೆ. ನಮ್ಮಲ್ಲಿ ಎತ್ತಿಗೆ ವಾರದ ಬಿಡುವು ಮೊದಲು ಸಿಕ್ಕಿ, ಗಿರಣಿಯ ಆಳಿಗೆ ಬಹಳ ತಡವಾಗಿ ಸಿಕ್ಕಿತೆಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. ಮುಂಬಯಿಯಲ್ಲಿ ಜ್ಯೋತಿಬಾ ಫುಲೆಯವರ ಅನುಯಾಯಿಯಾದ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿದ ಮೇಲೆ 1890ರ ಜೂನ್ 10ರಂದು ಗಿರಣಿ ಮಾಲಿಕರು ರವಿವಾರದ ಸೂಟಿಗೆ ಒಪ್ಪಿದರು. ಮರುವರ್ಷದ ಕಾರ್ಖಾನೆ ಕಾಯದೆಯಲ್ಲಿ ವಾರಕ್ಕೊಂದು ಬಿಡುವು ಸೇರಿತು. ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ನಮ್ಮ ಹುಬ್ಬಳ್ಳಿ-ಧಾರವಾಡಕ್ಕೂ ಆ ಕಾಯದೆಯೇ. ನನ್ನ ತಮ್ಮನು ಬೇಡಿದ ರವಿವಾರದ ಹಿಂದೆ ರೋಮಿನ ಚಕ್ರವರ್ತಿಯೂ ಮುಂಬಯಿಯ ಕೂಲಿಯವನೂ ಇಬ್ಬರೂ ಇದ್ದರು. ನಾನು ಅವನನ್ನು ಆಲಸಿ ಎಂದಿದ್ದೆನು.

ಬುಧವಾರ ರಾತ್ರಿ ನಾನೇ ಫೋನು ಮಾಡಿದೆನು. ರವಿವಾರ ಅವನು ಹೆಂಡತಿ ಮಕ್ಕಳೊಡನೆ ಬಂದನು. ಅವ್ವನಿಗೆ ಇಷ್ಟವಾದ ಅಡಿಗೆಯಾಯಿತು. ಅವಳ ಭಾವಚಿತ್ರಕ್ಕೆ ಹೂವು ಹಾಕುವುದನ್ನು ಅವನಿಗೇ ಬಿಟ್ಟೆನು. ಎಲ್ಲರೂ ಒಟ್ಟಿಗೆ ಕುಳಿತು ಉಂಡೆವು. ರಾತ್ರಿಯ ರೈಲಿಗೆ ಅವರು ಹೊರಟರು. ಸೋಮವಾರ ಪಂಚಮಿಯಂದು ಪುರೋಹಿತರು ಬಂದರು. ನಾನೊಬ್ಬನೇ ದರ್ಭೆ ಹಿಡಿದು ಕುಳಿತೆನು. ಮರುವರ್ಷ, 2024ರಲ್ಲಿ, ಪಂಚಮಿಯೇ ಏಪ್ರಿಲ್ 28, ರವಿವಾರ ಬಂದಿತು. ತಮ್ಮನು ಫೋನಿನಲ್ಲಿ ಜೋರಾಗಿ ನಕ್ಕನು. 2025ರಲ್ಲಿ ಅದು ಏಪ್ರಿಲ್ 18, ಶುಭ ಶುಕ್ರವಾರ. ಆ ದಿನ ಅಪರಾಹ್ಣದಲ್ಲಿ ನಾವಿಬ್ಬರೂ ಪಿಂಡಪ್ರದಾನಕ್ಕೆ ಕುಳಿತಾಗ ಮಾಸ್ತರರು ಮಧ್ಯಾಹ್ನದ ಆರಾಧನೆ ಮುಗಿಸಿ, ಬಿಳಿಯ ಅಂಗಿ ತೊಟ್ಟು, ಕೊಡೆ ಹಿಡಿದು ನಮ್ಮ ಮನೆಯ ಮುಂದೆ ಹಾದುಹೋದರು. ಬಾಗಿಲು ತೆರೆದೇ ಇದ್ದಿತು. ಅವರು ಒಂದು ಕ್ಷಣ ನಿಂತರು, ಕರೆಯಲಿಲ್ಲ. ಕೊಡೆಯನ್ನು ಸ್ವಲ್ಪ ಕೆಳಗಿಳಿಸಿ ಮುಂದೆ ನಡೆದರು.